ಮರಿ ಬಿಡೋ ಹೊತ್ತು

ಯಗಟಿಯ ಯಲ್ಲಮ್ಮ ಒಂದು ಸಲ ಕೂಗಿದರೆ ಸಾಕು, ಕಡೂರು ಸ್ಟೇಷನ್ನಿನಲ್ಲಿ ನಿಂತ ರೈಲು ಗಾರ್ಡು ಸೀಟಿ ಊದಿದನೆಂದುಕೊಂಡು ಹೊರಟುಬಿಡುತ್ತದೆ. ಇದನ್ನು ಹೇಳಿದವರು ಬೇರೆ ಯಾರೂ ಅಲ್ಲ, ಯಲ್ಲಮ್ಮನೇ. ನಂಬದವರಿಗೆ ಸಾಕ್ಷಿಯನ್ನೂ ಕೊಡುತ್ತಿದ್ದಳು. "ಆ ರೈಲಿನ ಡ್ರೈವರ್ರು ಮನೆತಂಕ ಬಂದು ಕೈ ಮುಗಿದ್ನಪ್ಪಾ. ತಾಯೀ, ಇನ್ಮ್ಯಾಲೆ ರೈಲು ಹೋದ್ಮ್ಯಾಲೆ ಕೂಗವ್ವಾ ಅಂದ. ಕಾಫಿ ಕೊಟ್ಟು ಕಳಿಸ್ದೆ."

ಗಂಡ ಬೀರಯ್ಯನ ಕಿವಿ ಮಂದವಾಗಿದ್ದು ವಯಸ್ಸಿನಿಂದಲೋ ಈ ಕೂಗಿನಿಂದಲೋ ಎಂಬುದು ಆ ಮನೆಯಲ್ಲಿ ಇನ್ನೂ ತೀರ್ಮಾನವಾಗಿಲ್ಲ.

ಆ ಕೂಗಿಗೆ ನಿಜವಾದ ಕೆಲಸ ಬೀಳುತ್ತಿದ್ದುದು ಸಂಜೆ. ಹಗಲೆಲ್ಲ ಬೀರಯ್ಯ ಕುರಿ ಮೇಯಿಸಲು ಹೋದಾಗ ಎಳೇ ಮರಿಗಳು ಮನೆಯಲ್ಲೇ ಉಳಿಯುತ್ತಿದ್ದವು, ಪಡಸಾಲೆಯ ಗೋಡೆಗೆ ಒತ್ತಿಕೊಂಡಿದ್ದ ಮರಿಗೂಡಿನಲ್ಲಿ. ಹೊತ್ತು ಇಳಿಯುವಾಗ ತಾಯಿಗಳು ಕೆಚ್ಚಲು ತುಂಬಿಕೊಂಡು ಬರುತ್ತಿದ್ದಂತೆ ಒಳಗಿಂದ ಮರಿಗಳು, ಹೊರಗಿಂದ ತಾಯಿಗಳು, ಇಬ್ಬರ ಕೂಗಿಗೂ ಮೇಲೆ ಯಲ್ಲಮ್ಮನದು. ಕುರಿಗಳೆಲ್ಲ ಅಂಗಳಕ್ಕೆ ಬಂದವೆಂದು ಖಾತ್ರಿಯಾದ ಮೇಲೆ ಅವಳು "ಬಿಡ್ರೀ!" ಎಂದು ಕೂಗಬೇಕು, ಆಗ ಬೀರಯ್ಯ ಗೂಡಿನ ಅಗಳಿ ಎಳೆಯಬೇಕು. ಬೀರಯ್ಯನಿಗೆ ಬೇರೆ ಮಾತು ಕೇಳಿಸಲಿ ಬಿಡಲಿ, ಆ ಒಂದು ಮಾತು ಕೇಳಿಸುತ್ತಿತ್ತು. ಆಮೇಲೆ ಯಾವ ಮರಿ ಯಾರ ಕೆಚ್ಚಲಿಗೆ ಬಾಯಿ ಹಾಕಿತು, ಯಾವ ತಾಯಿ ಒದೆಯಿತು ಎಂದು ನೋಡಿ ಸರಿಹೊಂದಿಸುವುದು ಸೊಸೆ ಅನುಪಮಾಳ ಕೆಲಸ.

ತಾಪತ್ರಯ ಶುರುವಾಗಿದ್ದು ಅಲ್ಲೇ. ಮರಿ ಬಿಡೋ ಹೊತ್ತಿಗೇ ಅನುಪಮಾಳ ಕಾಲೇಜು ಶುರುವಾಗುತ್ತಿತ್ತು.

ಅನುಪಮಾ ಅಜ್ಜಂಪುರದ ಕಡೆಯ ಹುಡುಗಿ. ತರೀಕೆರೆಯಲ್ಲಿ ಬಿ.ಎ. ಓದುತ್ತಿದ್ದಾಗ ಮದುವೆಯಾಗಿ, ಪುಸ್ತಕ ತವರಲ್ಲಿಟ್ಟು ಬಂದಿದ್ದಳು. ಗಂಡ ಕನಕರಾಜು ತೆಂಗಿನಕಾಯಿ ಸಾಗಿಸುವ ಗೂಡ್ಸ್ ಆಟೋ ಓಡಿಸುವವನು. ಮದುವೆಯಲ್ಲಿ ಕೊಟ್ಟ ಮಾತಿನಂತೆ ಅವಳನ್ನು ಫೋನಿನಲ್ಲೇ ಪಾಠ ಕೇಳುವ ಕಾಲೇಜಿಗೆ ಸೇರಿಸಿದ್ದ. ಹೋದ ವರ್ಷ ಎಲ್ಲ ಬರೆದಿದ್ದಳು, ಬಾಯಿ ಪರೀಕ್ಷೆಯಲ್ಲಿ ಮಾತ್ರ ಬಿದ್ದಿದ್ದಳು. ಪ್ರಶ್ನೆ ಗೊತ್ತಿಲ್ಲದೆ ಅಲ್ಲ. ಫೋನಿನ ಕ್ಯಾಮೆರಾ ಎದುರು ಕೂತು, "ನಿಮ್ಮ ಹೆಸರೇನಮ್ಮ?" ಎಂದು ಕೇಳಿದ್ದಕ್ಕೇ ಉಸಿರು ಗಂಟಲಲ್ಲಿ ಸಿಕ್ಕಿಕೊಂಡು ಫೋನು ಆರಿಸಿಬಿಟ್ಟಿದ್ದಳು. ಈ ವರ್ಷವೂ ಹಾಗೇ ಆದರೆ ಇನ್ನೊಂದು ವರ್ಷ ಹೋದಂತೆ. ಆಮೇಲೆ ಓದು ಅನ್ನುವುದು ಈ ಮನೆಯಲ್ಲಿ ಎದ್ದೇಳುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು.

ಅಂಥವರು ಒಬ್ಬಿಬ್ಬರಲ್ಲ. ಅದಕ್ಕೇ ಪಾಠ ಹೇಳುವ ಪಂಕಜಾಕ್ಷಿ ಮೇಡಂ ಪ್ರತಿ ಸಂಜೆ ಮೊದಲು ಸ್ವಲ್ಪ ಹೊತ್ತು ಉಸಿರಾಟ, ಕತ್ತು ತಿರುಗಿಸುವುದು, ಬೆನ್ನು ಚಾಚುವುದು, ಕಣ್ಣು ಮುಚ್ಚಿ ಸುಮ್ಮನೆ ಕೂರುವುದು, ಇವನ್ನೆಲ್ಲ ಮಾಡಿಸಿ ಆಮೇಲೆ ಸಮಾಜಶಾಸ್ತ್ರಕ್ಕೆ ಕೈ ಹಾಕುತ್ತಿದ್ದರು.

ಈ ವರ್ಷದ ಪಾಠ ಶುರುವಾದ ಸಂಜೆ ಯಲ್ಲಮ್ಮ ಒಲೆ ಮುಂದೆ ಹುರುಳಿಕಾಳು ಬಸಿಯುತ್ತಿದ್ದಾಗ ಪಡಸಾಲೆಯಿಂದ ಗುರುತಿಲ್ಲದ ಹೆಂಗಸಿನ ದನಿ ಬಂತು. "ಎಲ್ಲರೂ ಕಣ್ಣು ಮುಚ್ಚಿ. ಭುಜ ಸಡಿಲ ಬಿಡಿ. ಮನೆಯ ಯೋಚನೆ ಬಿಡಿ..." ಅಷ್ಟರಲ್ಲಿ ಕುಕ್ಕರು ಸೀಟಿ ಹೊಡೆಯಿತು. ಸೀಟಿಯ ಸಂದಿಯಲ್ಲಿ ಯಲ್ಲಮ್ಮನ ಕಿವಿಗೆ ಬಿದ್ದದ್ದು ಎರಡೇ ಮಾತು: "ಮನೆ ಬಿಡಿ."

ಸೌಟು ಹಿಡಿದೇ ಬಂದಳು.

"ಯಾವಳೇ ಅವ್ಳು, ನನ್ ಸೊಸೆಗೆ ಮನೆ ಬಿಡು ಅಂತ ಹೇಳ್ಕೊಡೋಳು?"

"ಅಯ್ಯೋ ಅತ್ತೆ, ಮನೆ ಯೋಚ್ನೆ ಬಿಡಿ ಅಂದ್ರು."

"ಯೋಚ್ನೆ ಬಿಟ್ರೆ ಮುದ್ದೆ ಯಾರೇ ತಿರುವೋರು? ಅಲ್ಲಿ ಮರಿಗಳು ಬಾಯ್ ಬಾಯ್ ಬಿಡ್ತಾವೆ, ಇಲ್ಲಿ ನೀನು ಕಣ್ ಮುಚ್ಕಂಡು ಕೂತಿದ್ಯಾ!"

ಅನುಪಮಾ ಫೋನು ಕಿಟಕಿಯಲ್ಲಿ ಬಿಟ್ಟು ಅಂಗಳಕ್ಕೆ ಓಡಿದಳು. ಟವರ್ ಸಿಗುವುದು ಪಡಸಾಲೆಯ ಆ ತಗ್ಗು ಕಿಟಕಿಯೊಂದರಲ್ಲೇ. ಮರಿಗಳನ್ನು ತಾಯಿಗಳಿಗೆ ಕೂಡಿಸಿ ಬರುವಷ್ಟರಲ್ಲಿ ಪಾಠ ಅರ್ಧ ಮುಗಿದಿತ್ತು.

ಊಟಕ್ಕೆ ಕೂತಾಗ ಕನಕರಾಜು ಮುದ್ದೆ ಮುರಿಯುತ್ತಾ ಅಂದ, "ಅವ್ವ, ಅದು ಉಸಿರಾಟದ ಪಾಠ ಕಣವ್ವ. ಓದೋರಿಗೆ ಭಯ ಹೋಗ್ಲಿ ಅಂತ."

"ಉಸ್ರಾಡಕ್ಕೂ ಪಾಠವೇನ್ಲಾ? ನಿನ್ನ ಹೆತ್ತಾಗ ನೀನು ಯಾವ್ ಮೇಡಮ್ಮನ್ನ ಕೇಳ್ಕಂಡು ಉಸ್ರಾಡ್ದೆ?"

"ಹುಟ್ಟಿದ್ ತಕ್ಷಣ ನಿನ್ ಕೂಗು ಕೇಳಿಸ್ತಲ್ಲ. ಭಯಕ್ಕೆ ಉಸ್ರಾಡ್ಬಿಟ್ಟೆ."

ಅನುಪಮಾ ಸಾರಿನ ಪಾತ್ರೆ ಹಿಂದೆ ಮುಖ ಮುಚ್ಚಿಕೊಂಡು ನಕ್ಕಳು. ಬೀರಯ್ಯ ತಟ್ಟೆಯಿಂದ ತಲೆಯೆತ್ತಿದ. "ಹೆರೋದಾ? ಯಾವ್ ಕುರಿ ಈಯ್ತು?"

"ಉಣ್ರೀ ಸುಮ್ನೆ!" ಎಂದಳು ಯಲ್ಲಮ್ಮ. ಆದರೆ ಸೊಸೆ ನಕ್ಕಿದ್ದು ಅವಳಿಗೆ ಇಷ್ಟವೇ ಆಯಿತು. ತನ್ನ ಕಥೆಗೆಲ್ಲ ಆ ಹುಡುಗಿ ಬಾಯಿ ಬಿಟ್ಟುಕೊಂಡು "ಆಮೇಲೆ ಅತ್ತೆ?" ಎನ್ನುತ್ತಿದ್ದಳು. ಕಿವಿ ಮಂದವಾದ ಗಂಡನ ಜೊತೆ ಬಾಳುವವಳಿಗೆ ಅದೇನು ಸಣ್ಣ ಸುಖವೇ?

ಬೆಳಗ್ಗೆ ನಲ್ಲಿಯ ಹತ್ತಿರ ಪಕ್ಕದ ಮನೆ ತೀರ್ಥಮ್ಮ ಸಿಕ್ಕಾಗ ಮಾತ್ರ ಸುದ್ದಿ ಬೇರೆ ಥರ ಬೆಳೆಯಿತು. "ಫೋನೊಳಗೆ ಒಬ್ಬ ಮೇಡಮ್ಮ ಅವ್ಳೆ ಕಣೇ. ಉಸ್ರು ಎಳ್ಕಳಿ ಅಂತಾಳೆ, ಬಿಡಿ ಅನ್ನೋದು ಮರ್ತ್ಬಿಡ್ತಾಳೆ. ತರೀಕೆರೇಲಿ ಒಬ್ಳು ಎಳ್ಕಂಡೋಳು ಎಳ್ಕಂಡೇ ಅವ್ಳೆ. ಬಲೂನಾಗಿ ಮ್ಯಾಲೆ ಜಂತೆಗೆ ಹತ್ಕಂಡವ್ಳೆ. ಗಂಡ ಊಟಾನ ದೋಟಿ ತುದೀಗೆ ಕಟ್ಟಿ ಕೊಡ್ತಾವ್ನಂತೆ."

"ಸುಳ್ ಹೇಳ್ಬ್ಯಾಡ!"

"ಹೋಗ್ ನೋಡ್ಕಂಬಾ ಬೇಕಾದ್ರೆ. ಬಸ್ ಫ್ರೀ ಐತೆ."

ಹೀಗೇ ವಾರಗಳು ಕಳೆದವು. ಬೈಗುಳವೂ ನಗುವೂ ಸಮ ಸಮವಾಗಿ ನಡೆದಿದ್ದವು, ಕಂಬಳಿಯ ದಿನ ಬರುವವರೆಗೆ.

ಮೇಡಂ ಅವತ್ತು ಅಂಗಾತ ಮಲಗಿ ಮೈ ಸಡಿಲಿಸುವುದನ್ನು ಹೇಳಿಕೊಡುವವರಿದ್ದರು. ಕೆಳಗೆ ಏನಾದರೂ ಹಾಸಿಕೊಳ್ಳಿ ಎಂದಿದ್ದರು. ಸಿಮೆಂಟು ನೆಲ ತಣ್ಣಗಿತ್ತು. ಅನುಪಮಾ ಅತ್ತಿತ್ತ ನೋಡಿದಳು. ಅಟ್ಟದ ಮೇಲೆ ಸುರುಳಿ ಸುತ್ತಿಟ್ಟ ಕರೀಕಂಬಳಿ ಕಾಣಿಸಿತು. ಇಳಿಸಿ ಹಾಸಿ ಮಲಗಿದಳು.

ಅದು ಗದ್ದಿಗೆ ಕಂಬಳಿ. ಹಬ್ಬದಲ್ಲಿ, ಮದುವೆಯಲ್ಲಿ ಬೀರಪ್ಪ ದೇವರನ್ನು ಕೂರಿಸಲು ಹಾಸುವುದು. ಅದರ ಅಂಚನ್ನು ಕಾಲ ಹೆಬ್ಬೆರಳು ಸೋಕಿದರೂ ಕಣ್ಣಿಗೊತ್ತಿಕೊಳ್ಳುತ್ತಿದ್ದ ಮನೆ ಅದು.

ಯಲ್ಲಮ್ಮ ದೀಪ ಹಚ್ಚಲು ಒಳಗೆ ಬಂದವಳು ಬೆಂಕಿಪೊಟ್ಟಣ ಹಿಡಿದೇ ನಿಂತುಬಿಟ್ಟಳು. ಸೊಸೆ ಕೈಕಾಲು ಚೆಲ್ಲಿ, ಕಣ್ಣು ಮುಚ್ಚಿ, ಗದ್ದಿಗೆಯ ನಟ್ಟನಡುವೆ ಬಿದ್ದಿದ್ದಾಳೆ. ಮೊದಲು ಸತ್ತೇಹೋದಳೆಂದುಕೊಂಡಳು. ಆಮೇಲೆ ಹೊಟ್ಟೆ ಏರಿಳಿಯುವುದು ಕಂಡಿತು. ಆಮೇಲೆ ಕಂಬಳಿ ಕಂಡಿತು.

"ಎದ್ದೇಳೇ ಮ್ಯಾಲಕ್ಕೆ! ದೀಪ ಹಚ್ಚೋ ಹೊತ್ನಾಗೆ ಹೆಣ ಬಿದ್ದಂಗೆ ಬಿದ್ದವ್ಳೆ, ಅದೂ ದೇವ್ರ ಗದ್ದಿಗೆ ಮ್ಯಾಲೆ! ಇದೇನೇನೇ ನಿಮ್ಮವ್ವ ಕಲ್ಸಿ ಕಳ್ಸಿದ್ದು? ಮರಿ ಬಿಡಕ್ಕೆ ಆಗಲ್ಲ, ಮುದ್ದೆ ತಿರುವಕ್ಕೆ ಆಗಲ್ಲ. ಹೆಸ್ರು ಕೇಳಿದ್ರೆ ಹೇಳಕ್ ಬರ್ದೋಳು ಬಿ.ಎ. ಓದ್ತಾಳಂತೆ!"

ಕಿಟಕಿಯಿಂದ ಮೆಲ್ಲನೆ ಒಂದು ದನಿ ಬಂತು. "ಅನುಪಮಾ... ನಿಮ್ಮ ಮೈಕ್ ಆನ್ ಇದೆ." ಅದರ ಹಿಂದೆಯೇ ಯಾರೋ ಕಿಸಕ್ಕೆಂದರು.

ಅನುಪಮಾ ಫೋನು ಆರಿಸಿದಳು. ಕಂಬಳಿ ಕೊಡವಿ, ಕಣ್ಣಿಗೊತ್ತಿಕೊಂಡು, ಸುರುಳಿ ಸುತ್ತಿದಳು. "ಗೊತ್ತಿರ್ಲಿಲ್ಲ ಅತ್ತೆ. ನಮ್ಮನೇಲಿ ದೇವ್ರ ಕಂಬ್ಳೀನ ಪೆಟ್ಟಿಗೇಲಿಡ್ತಾರೆ. ಅಟ್ಟದ ಮೇಲಿನದು ಹೊದೆಯೋದು ಅನ್ಕಂಡೆ."

ಮಾರನೇ ದಿನ ಒಲೆ ಹಚ್ಚುತ್ತಾ ಅಂದಳು, "ಓದೋದು ಬಿಟ್ಟೆ ಅತ್ತೆ."

ಯಲ್ಲಮ್ಮ ಗೆದ್ದಳು. ಗೆದ್ದ ಮೇಲೆ ಮನೆ ಗಡಿಯಾರದಂತೆ ನಡೆಯಿತು. ಕುರಿ ಊರು ಮುಟ್ಟುವ ಮೊದಲೇ ಅನುಪಮಾ ಅಂಗಳದಲ್ಲಿ ನಿಂತಿರುತ್ತಿದ್ದಳು. ಮುದ್ದೆಯಲ್ಲಿ ಒಂದು ಗಂಟಿಲ್ಲ, ಸಾರಿನಲ್ಲಿ ಉಪ್ಪು ಹೆಚ್ಚಿಲ್ಲ, ಕೊಟ್ಟಿಗೆಯಲ್ಲಿ ಕಸವಿಲ್ಲ. ಕನಕರಾಜು ಎರಡು ತುತ್ತಿಗೆ ಎದ್ದುಹೋಗುತ್ತಿದ್ದ. ಒಂದು ಮಧ್ಯಾಹ್ನ ಯಲ್ಲಮ್ಮ, ತೋಳವೊಂದು ತನ್ನ ಕೂಗಿಗೆ ಹೆದರಿ ಮರ ಹತ್ತಿ, ಇಳಿಯಲು ಬಾರದೆ ಫೈರ್ ಇಂಜಿನ್ ಬಂದ ಕಥೆಯನ್ನು ತೆಗೆದಳು. ಅನುಪಮಾ ಅವರೆಕಾಯಿ ಸುಲಿಯುತ್ತಾ "ಹೂಂ" ಎಂದಳು. ತೋಳ ಮರದಲ್ಲೇ ಉಳಿಯಿತು. "ಆಮೇಲೆ?" ಎಂದು ಯಾರೂ ಕೇಳಲಿಲ್ಲ.

ಸಂಜೆ ಬೀರಯ್ಯ ಕಂಬಕ್ಕೆ ಒರಗಿ ಕಿವಿಯೊಳಗೆ ಕಿರುಬೆರಳು ಆಡಿಸಿದ. "ಮನೇಲಿ ಯಾಕೋ ಸದ್ದೇ ಇಲ್ವಲ್ಲೇ. ನನ್ ಕಿವಿ ಪೂರಾ ಹೋಯ್ತಾ?"

ಯಲ್ಲಮ್ಮ ಅವರೆಕಾಯಿಯ ಸಿಪ್ಪೆ ಬಾಚಿ ಕುರಿಗಳ ಮುಂದೆ ಹಾಕಿದಳು.

ಅಷ್ಟರಲ್ಲಿ ಅವಳ ಪಿಂಚಣಿಗೆ ಏನೋ ಅಡ್ಡಿಯಾಯಿತು. ಕಡೂರಿಗೆ ಹೋಗಿ ಯಂತ್ರಕ್ಕೆ ಮುಖ ತೋರಿಸಿ ಬರಬೇಕಂತೆ. ಕನಕರಾಜು ಲೋಡಿಗೆ ಹೋಗಿದ್ದ. ಸೊಸೆಯನ್ನು ಕರೆದುಕೊಂಡು ಬಸ್ಸು ಹತ್ತಿದಳು.

ಬಸ್ ಸ್ಟ್ಯಾಂಡ್ ಹತ್ತಿರ ಮಹೇಂದ್ರನ ಕಂಪ್ಯೂಟರ್ ಅಂಗಡಿ. ಜನ ಹೊರಗಿನವರೆಗೂ ನಿಂತಿದ್ದರು. ಯಲ್ಲಮ್ಮ ಸಾಲಿನಲ್ಲಿ ನಿಂತಷ್ಟೂ ಹೊತ್ತು ಎಲ್ಲರಿಗೂ ರೈಲಿನ ಕಥೆ ಹೇಳಿ ನಗಿಸಿದಳು. ಕುರ್ಚಿಯ ಮೇಲೆ ಕೂರಿಸಿ ಮಹೇಂದ್ರ ಫೋನು ಮುಖದ ಮುಂದೆ ಹಿಡಿದ.

"ಇಲ್ ನೋಡಜ್ಜಿ. ಕಣ್ಣು ಮಿಟುಕಿಸು."

ಫೋನಿನೊಳಗೆ ಒಂದು ದುಂಡನೆಯ ಗೆರೆ, ಗೆರೆಯೊಳಗೆ ಒಬ್ಬಳು ಮುದುಕಿ. ಯಲ್ಲಮ್ಮ ಅವಳನ್ನೇ ನೋಡಿದಳು. ಆ ಮುದುಕಿಯೂ ಇವಳನ್ನೇ ನೋಡಿದಳು. ಇಬ್ಬರಲ್ಲಿ ಒಬ್ಬರೂ ಕಣ್ಣು ಮಿಟುಕಿಸಲಿಲ್ಲ. ಕೆನ್ನೆ ಉಬ್ಬಿತು, ಭುಜ ಕಿವಿಗೆ ಹತ್ತಿತು, ಉಸಿರು ಒಳಗೆ ಹೋದದ್ದು ಹೊರಗೆ ಬರಲಿಲ್ಲ. ಫೋನು ಕೆಂಪಗೆ ಏನೋ ತೋರಿಸಿತು.

"ಅಜ್ಜಿ, ಆಧಾರ್‌ನಾಗಿರೋ ಯಲ್ಲಮ್ಮನೇ ಬ್ಯಾರೆ, ನೀನೇ ಬ್ಯಾರೆ ಅಂತೈತೆ ಇದು. ಇನ್ನೊಂದ್ಸಲ. ಮಿಟುಕ್ಸು!"

ಎರಡನೇ ಸಲವೂ ಕೆಂಪು. ಹಿಂದೆ ನಿಂತವರು ಗೊಣಗಿದರು. "ಬೇಗ ಮುಗ್ಸಜ್ಜಿ, ಬಸ್ ಹೋಯ್ತದೆ." ಬೇರೆ ದಿನವಾಗಿದ್ದರೆ ಅವರ ವಂಶವನ್ನೆಲ್ಲ ಜಾಲಾಡಿಬಿಡುತ್ತಿದ್ದಳು. ಇವತ್ತು ಬಾಯಿ ತೆರೆದರೆ ದನಿಯೇ ಇಲ್ಲ. ರೈಲು ಹೊರಡಿಸುವ ದನಿ ಎಲ್ಲಿ ಹೋಯಿತೋ!

ಬೆನ್ನ ಮೇಲೆ ಒಂದು ಅಂಗೈ ಬಂದು ಕೂತಿತು.

"ಅತ್ತೆ, ಫೋನ್ ನೋಡ್ಬೇಡಿ. ನನ್ ಕೈ ಎಲ್ಲೈತೆ ನೋಡ್ಕಳಿ. ಅಲ್ಲಿಗೆ ಉಸ್ರು ಕಳ್ಸಿ. ಹೂಂ... ಈಗ ಬಿಡಿ. ಮೆಲ್ಲಗೆ. ಭುಜ ಕೆಳಗ್ ಬಿಡಿ."

"ಅವ್ರು... ಬೈತಾವ್ರಲ್ಲೇ."

"ಬಸ್ ಹಾರನ್ನೂ ಕೇಳಿಸ್ತೈತೆ, ಅವ್ರೂ ಕೇಳಿಸ್ತಾರೆ. ಕೇಳಿಸ್ಲಿ. ನೀವು ಇನ್ನೊಂದ್ ಉಸ್ರು ಬಿಡಿ."

ಯಲ್ಲಮ್ಮ ಬಿಟ್ಟಳು. ಎದೆಯೊಳಗೆ ಯಾರೋ ಅಗಳಿ ಎಳೆದ ಹಾಗಾಯಿತು. ಕಣ್ಣು ತಾನಾಗಿಯೇ ಮಿಟುಕಿತು. ಫೋನು ಹಸಿರಾಯಿತು.

"ಅಬ್ಬ, ಈಗ ನೀನೇ ಯಲ್ಲಮ್ಮ!" ಎಂದ ಮಹೇಂದ್ರ.

ಬಸ್ಸಿನಲ್ಲಿ ಅರ್ಧ ದಾರಿ ಬಂದರೂ ಯಲ್ಲಮ್ಮ ಒಂದು ಕಥೆಯನ್ನೂ ತೆಗೆಯಲಿಲ್ಲ. ಗುರುತಿನ ಕಂಡಕ್ಟರ್ ಬಗ್ಗಿ ನೋಡಿದ. "ಯಾಕವ್ವ, ಮೈಗೆ ಹುಷಾರಿಲ್ವಾ?"

"ಟಿಕೀಟ್ ಹರಿಯೋ ಸುಮ್ನೆ," ಎಂದು ಅವನನ್ನು ಕಳಿಸಿ ಸೊಸೆಯ ಕಡೆ ತಿರುಗಿದಳು. "ಕದ ಹಾಕಿ ಅಗ್ಳಿ ಜಡ್ದಂಗೆ ಆಯ್ತು ಕಣೇ. ನಿಂಗೂ ಹಿಂಗೇನಾ ಆಗೋದು?"

"ಹಿಂಗೇ ಅತ್ತೆ. ಅದಕ್ಕೇ ಆ ಪಾಠ."

"ಬಾಯಿ ಪರೀಕ್ಷೆ ಯಾವಾಗೈತೆ?"

"ಮುಂದಿನ ವಾರ. ಈಗ್ಯಾಕೆ ಅತ್ತೆ, ನಾನ್ ಬಿಟ್ಟೆ ಅಂದ್ನಲ್ಲ."

"ಬಿಟ್ಟಿದ್ದನ್ನ ಮತ್ತೆ ಹಿಡ್ಯಕ್ ಬರಲ್ವಾ? ದಿನಾ ಬಿಟ್ಟ ಮರೀನ ದಿನಾ ಹಿಡ್ದು ಗೂಡಿಗೆ ಹಾಕಲ್ವೇನೇ ನಾವು?"

ಅನುಪಮಾ ಕಿಟಕಿಯ ಕಡೆ ಮುಖ ತಿರುಗಿಸಿಕೊಂಡಳು. ಯಲ್ಲಮ್ಮ ಸೆರಗಿನ ತುದಿ ಕೊಟ್ಟಳು. ಸ್ವಲ್ಪ ದೂರ ಹೋದ ಮೇಲೆ ಕಿಟಕಿಯ ಕಡೆಯಿಂದ ದನಿ ಬಂತು. "ಅತ್ತೆ, ಆ ತೋಳ ಮರದಿಂದ ಇಳೀತಾ?"

"ಇಳೀದೆ ಏನೇ! ಫೈರ್ ಇಂಜಿನ್ನಿನೋರಿಗೆ ಕೈ ಮುಗಿದು, ನಡ್ಕಂಡು ಬೀರೂರಿಗೆ ಹೋಯ್ತು. ಈಗ ಬಾಳೆಕಾಯಿ ತಿನ್ಕಂಡೈತೆ."

ಮನೆಗೆ ಬಂದವಳೇ ಮೇಡಮ್ಮನಿಗೆ ಫೋನು ಹಚ್ಚಿಸಿದಳು. "ಮೇಡಮ್ಮೋರೆ, ನಾನು ಅವತ್ತು ಕೂಗಿದೋಳು."

"ಗೊತ್ತಾಯ್ತು ಯಲ್ಲಮ್ಮೋರೆ. ಮರೆಯೋ ದನಿ ಅಲ್ಲ ನಿಮ್ಮದು."

"ಕೂಸಿನ ಪಾಠ ನನ್ ದೆಸೆಯಿಂದ ನಿಂತೋಯ್ತು. ಮತ್ತೆ ಸೇರಿಸ್ಕಳಿ. ಮರಿ ಸದ್ದು ಬತ್ತದೆ, ಅದೊಂದು ಸಹಿಸ್ಕಳಿ."

"ಮರಿ ಸದ್ದು ಬರ್ಲಿ ಬಿಡಿ. ಸದ್ದು ಬಂದಾಗ ಅದಕ್ಕೆ ಸಿಟ್ಟಾಗದೆ ಕೂರೋದೇ ನಾವು ಕಲಿಸೋದು. ನೀವೂ ಕೂತ್ಕೊಳ್ಳಿ ಜೊತೆಗೆ."

ಯಲ್ಲಮ್ಮ ಒಳಗೆ ಹೋಗಿ ಟ್ರಂಕಿನ ತಳದಿಂದ ಒಂದು ಹಳೇ ಕಂಬಳಿ ಎಳೆದು ತಂದು ಪಡಸಾಲೆಯಲ್ಲಿ ಹಾಸಿದಳು. ತವರಾದ ಸಖರಾಯಪಟ್ಟಣದಿಂದ ಬಾಣಂತನದಲ್ಲಿ ತಂದದ್ದು. "ಇದ್ರ ಮ್ಯಾಲೆ ನಿನ್ ಗಂಡ ಮಲಗಿ ಬೆಳೆದವ್ನೆ. ಇದ್ರಾಗೆ ದೇವ್ರಿಲ್ಲ, ಬರೀ ಅವನ ಉಚ್ಚೆ ಐತೆ. ಧೈರ್ಯವಾಗಿ ಮಲಕ್ಕ."

"ಅವ್ವಾ!" ಎಂದು ಕನಕರಾಜು ಹೊರಗೆ ಹೋಗಿಬಿಟ್ಟ. ಆದರೆ ಆ ವಾರವೆಲ್ಲ ಬೇಗ ಲೋಡು ಇಳಿಸಿ ಬಂದು ಮರಿ ಕೂಡಿಸುವ ಕೆಲಸ ಅವನೇ ಮಾಡಿದ. ಮೊದಲ ದಿನ ಎಲ್ಲ ಮರಿಗಳನ್ನೂ ತಪ್ಪು ತಾಯಿಗಳಿಗೇ ಬಿಟ್ಟು ಚೆನ್ನಾಗಿ ಒದೆಸಿಕೊಂಡ.

ಬಾಯಿ ಪರೀಕ್ಷೆಯೂ ಸರಿಯಾಗಿ ಸಂಜೆಗೇ ಬಂತು. ಯಲ್ಲಮ್ಮ ಬೀರಯ್ಯನನ್ನು ಮರಿಗೂಡಿನ ಮುಂದೆ ನಿಲ್ಲಿಸಿ, ಕೈಸನ್ನೆಯಲ್ಲೂ ಬಾಯಲ್ಲೂ ಹೇಳಿದಳು. "ನಾನು ಬಿಡ್ರೀ ಅನ್ನೋಗಂಟ ಅಗ್ಳಿ ಮುಟ್ಟಂಗಿಲ್ಲ. ತಿಳೀತಾ?" ಬೀರಯ್ಯ ಅಗಳಿಯ ಮೇಲೆ ಕೈಯಿಟ್ಟು ಕಾವಲುಗಾರನ ಹಾಗೆ ನಿಂತ. ಯಲ್ಲಮ್ಮ ತಾನು ಅಡುಗೆಮನೆಯ ಕದದ ಹಿಂದೆ ಕೂತು ಬಾಯಿಗೆ ಸೆರಗು ತುರುಕಿಕೊಂಡಳು.

ಫೋನಿನಲ್ಲಿ ಪಂಕಜಾಕ್ಷಿ ಮೇಡಂ, ಅವರ ಪಕ್ಕ ಕನ್ನಡಕದ ಒಬ್ಬರು ಮೇಷ್ಟರು.

"ನಿಮ್ಮ ಹೆಸರು?"

"ಅನುಪಮಾ, ಸರ್."

ಕದದ ಹಿಂದೆ ಯಲ್ಲಮ್ಮ ದೇವರಿಗೆ ಕೈ ಮುಗಿದಳು. ಮೊದಲ ಪ್ರಶ್ನೆ ಸಲೀಸಾಗಿ ಹೋಯಿತು. ಮೇಷ್ಟರು ಕನ್ನಡಕ ಸರಿ ಮಾಡಿಕೊಂಡರು. "ಅವಿಭಕ್ತ ಕುಟುಂಬದ ಲಕ್ಷಣಗಳನ್ನು ಹೇಳಿ."

ಸದ್ದಿಲ್ಲ.

ಯಲ್ಲಮ್ಮ ಸಂದಿಯಲ್ಲಿ ಇಣುಕಿದಳು. ಸೊಸೆಯ ಭುಜ ಮೆಲ್ಲಗೆ ಕಿವಿಯ ಕಡೆ ಏರುತ್ತಿತ್ತು. ಕಡೂರಿನ ಕುರ್ಚಿಯಲ್ಲಿ ತನ್ನದು ಏರಿದ ಹಾಗೇ. ಕೈ ಫೋನು ಆರಿಸುವ ಗುಂಡಿಯ ಕಡೆ ಹೋಗುತ್ತಿತ್ತು. ಯಲ್ಲಮ್ಮನ ಬಾಯಿಂದ ಸೆರಗು ಜಾರಿತು. ಮೆಲ್ಲಗೆ, ಬಹಳ ಮೆಲ್ಲಗೆ, ಪಿಸುಗುಟ್ಟಿದಳು.

"ಬಿಡೇ! ಉಸ್ರು ಬಿಡೇ, ಅನೂ!"

ಅವಳ ಲೆಕ್ಕದಲ್ಲಿ ಅದು ಪಿಸುಮಾತು. ತೀರ್ಥಮ್ಮನಿಗೆ ಅವಳ ಅಡುಗೆಮನೆಯಲ್ಲಿ ಕೇಳಿಸಿತು. ಬೀರಯ್ಯನಿಗೂ ಕೇಳಿಸಿತು, ಅವನಿಗೆ ಬೇಕಾದ ಒಂದು ಮಾತು ಮಾತ್ರ. ಸರಕ್ಕನೆ ಅಗಳಿ ಎಳೆದ.

ಮರಿಗಳು ತೆರೆದಿದ್ದ ಪಡಸಾಲೆಗೆ ನುಗ್ಗಿದವು. ಕಂಬಳಿಯ ಮೇಲೆ, ಪುಸ್ತಕದ ಮೇಲೆ, ಅನುಪಮಾಳ ತೊಡೆಯ ಮೇಲೆ, ಎಲ್ಲೆಲ್ಲೂ ಮರಿ. ಹಿಂದೆಯೇ ಕನಕರಾಜು, "ಅಪ್ಪಯ್ಯಾ, ಈಗಲ್ಲ ಕಣೋ!" ಎಂದು ಕೂಗುತ್ತಾ ಬಂದ. ಅವನ ಹಿಂದೆ ಬೀರಯ್ಯ, "ಬಿಡು ಅಂದ್ಲು, ಬಿಟ್ಟೆ" ಎನ್ನುತ್ತಾ ಬಂದ. ಬಿಳೀ ಹಣೆಯ ಮರಿಯೊಂದು ನೇರ ಹೋಗಿ ಫೋನಿಗೆ ಮೂತಿ ತಾಗಿಸಿ, ಮೇಷ್ಟರ ಮುಖಕ್ಕೇ "ಬ್ಯಾ" ಎಂದಿತು.

ಮೇಷ್ಟರು ಹಿಂದೆ ಸರಿದರು. "ಯಾರಮ್ಮ ಇವರೆಲ್ಲ?"

ಅನುಪಮಾಳಿಗೆ ನಗು ಬಂತು. ಹೊಟ್ಟೆಯ ತಳದಿಂದ ಬಂದ ಆ ನಗುವಿನ ಜೊತೆ, ಗಂಟಲಲ್ಲಿ ನಿಂತಿದ್ದ ಉಸಿರೂ ಹೊರಗೆ ಬಂತು. ಮರಿಯನ್ನು ಮಡಿಲಿಗೆಳೆದುಕೊಂಡಳು.

"ನಮ್ಮನೆಯವ್ರು ಸರ್. ಒಂದೇ ಸೂರು, ಒಂದೇ ಒಲೆ. ಒಬ್ರು ಒಂದ್ ಮಾತು ಕೂಗಿದ್ರೆ, ಅರ್ಥ ಆಗ್ಲಿ ಬಿಡ್ಲಿ, ಎಲ್ರೂ ಓಡಿ ಬರ್ತಾರೆ. ಇದೇ ಸರ್ ಅವಿಭಕ್ತ ಕುಟುಂಬ." ಆಮೇಲೆ ಒಂದು ಉಸಿರು ಎಳೆದು, ಬಿಟ್ಟು, ಪುಸ್ತಕದಲ್ಲಿದ್ದ ಲಕ್ಷಣಗಳನ್ನು ಒಂದಾದ ಮೇಲೊಂದು ಹೇಳುತ್ತಾ ಹೋದಳು. ಮಡಿಲಿನ ಮರಿ ಅವಳ ಸೆರಗು ಚೀಪುತ್ತಿತ್ತು.

ಅವಳು ಪಾಸಾದಳು. ಫಲಿತಾಂಶ ಬಂದ ರಾತ್ರಿ ಯಲ್ಲಮ್ಮ ಮೊದಲ ಮುದ್ದೆಯನ್ನು ಗಂಡನಿಗೂ ಮಗನಿಗೂ ಬಡಿಸದೆ ಸೊಸೆಯ ತಟ್ಟೆಗೆ ಹಾಕಿ, ಹೊಂಡ ಮಾಡಿ ತುಪ್ಪ ಬಿಟ್ಟಳು. "ನಾನ್ಯಾಕತ್ತೆ ಮೊದ್ಲು?" ಎಂದದ್ದಕ್ಕೆ, "ಕಡೂರಿನಾಗೆ ನನ್ ಬೆನ್ ಮ್ಯಾಲೆ ಕೈಯಿಟ್ಯಲ್ಲ, ಅದಕ್ಕೆ. ಉಣ್ಣು," ಎಂದಳು. ಮೇಡಮ್ಮನಿಗೆ ಕನಕರಾಜುವಿನ ಆಟೋದಲ್ಲಿ ಎಳನೀರೂ, ಹೊಸದಾಗಿ ನೇಯಿಸಿದ ಒಂದು ಕಂಬಳಿಯೂ ಹೋದವು.

ತೀರ್ಥಮ್ಮನಿಗೆ ನಲ್ಲಿಯ ಹತ್ತಿರ ಸುದ್ದಿ ಸಿಕ್ಕಿತು. ಬಿಳೀ ಹಣೆಯ ಮರಿಯೂ ಪರೀಕ್ಷೆಗೆ ಕೂತಿತ್ತಂತೆ. ಅನುಪಮಾಳಿಗಿಂತ ಅದಕ್ಕೇ ಮಾರ್ಕು ಹೆಚ್ಚು ಬಂದು, ಕಾಲೇಜಿನವರು ಕೆಲಸಕ್ಕೆ ಕರೆದರಂತೆ. ಇನ್ನೂ ಹಾಲು ಬಿಟ್ಟಿಲ್ಲ ಎಂದು ಯಲ್ಲಮ್ಮನೇ ಕಳಿಸಲಿಲ್ಲವಂತೆ.

ಈಗ ಅನುಪಮಾ ಮುಂದಿನ ವರ್ಷದ ಪಾಠ ಕೇಳುತ್ತಿದ್ದಾಳೆ. ಸಂಜೆ ಸಖರಾಯಪಟ್ಟಣದ ಕಂಬಳಿಯ ಮೇಲೆ ಇಬ್ಬರು ಕೂರುತ್ತಾರೆ. ಫೋನು, "ಭುಜ ಬಿಡಿ, ಉಸಿರು ಬಿಡಿ," ಎನ್ನುತ್ತದೆ. ಗೋಡೆಯಾಚೆ ಮರಿಗಳು ಕೂಗುತ್ತವೆ, ಅಂಗಳದಲ್ಲಿ ತಾಯಿಗಳು ಕೂಗುತ್ತವೆ. ಬೀರಯ್ಯ ಅಗಳಿ ಹಿಡಿದು ಕೇಳುತ್ತಾನೆ, "ಬಿಡ್ಲೇನೇ?"

ಯಲ್ಲಮ್ಮ ಕಣ್ಣು ಮುಚ್ಚಿಕೊಂಡೇ ಒಂದು ಕೈ ಎತ್ತುತ್ತಾಳೆ.

"ತಡೀರಿ, ಇನ್ನೊಂದ್ ಉಸ್ರು ಐತೆ."